ಆರ್ಡಿಸ್ ಕ್ಲಾಸೆನ್ ಕೊಟ್ಟ ಪಾತ್ರೆ

ಆರ್ಡಿಸ್ ಕ್ಲಾಸೆನ್ ತನ್ನ ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಒಂದು ಸಲವೂ ‘ತಪ್ಪು ನನ್ನದು’ ಎಂದವಳಲ್ಲ. ತಪ್ಪೇ ಮಾಡದಷ್ಟು ಜಾಣೆ ಎಂದಲ್ಲ. ಎಲ್ಲರಂತೆ ಅವಳೂ ಮಾಡಿದಳು. ಒಪ್ಪಿಕೊಳ್ಳುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟಳು. ಅವಳ ಮನೆಯ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ಮಂಜಿನಲ್ಲಿ ಅಂಚೆಯವನು ಜಾರಿ ಮಣಿಕಟ್ಟು ಮುರಿದುಕೊಂಡಾಗ, ಅವನ ಬೂಟಿನ ಅಟ್ಟೆ ಸವೆದಿತ್ತು ಎಂದಳು. ಅಮ್ಮನ ಹೊಲಿಗೆ ಯಂತ್ರದ ವಿಷಯಕ್ಕೆ ತಂಗಿ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾದರೂ, ಮೊದಲು ಫೋನ್ ಮಾಡಬೇಕಾದವಳು ತಂಗಿಯೇ ಎಂದಳು. ಗಂಡ ವಾಲ್ಟರ್ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗುತ್ತದೆ ಎಂದಾಗ, ವಾಯು ಇರಬೇಕೆಂದು ನೀರಿಗೆ ಅಡುಗೆ ಸೋಡಾ ಕಲಸಿ ಕುಡಿಸಿ, ಮಲಗಲು ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ವಾಲ್ಟರ್ ಇರಲಿಲ್ಲ. “ಅವನು ಸರಿಯಾಗಿ ಹೇಳಬೇಕಾಗಿತ್ತು” ಎಂದು ಅವಳು ಶವಸಂಸ್ಕಾರದ ದಿನವೂ ಹೇಳಿದಳು, ಆಮೇಲೂ ಹೇಳಿದಳು.

ಗ್ರೇಡನ್ ಊರಿನಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತಿತ್ತು. ಅವಳ ಮುಖಕ್ಕೆ ಮಾತ್ರ ಯಾರೂ ಹೇಳಲಿಲ್ಲ. ಅಮೆರಿಕದ ಅಯೋವಾ ರಾಜ್ಯದ ಆ ಭಾಗದ ಜನ ಮುಖಕ್ಕೆ ಹೇಳುವುದು ಹವಾಮಾನವನ್ನು ಮಾತ್ರ.

ಅವಳು ಇಪ್ಪತ್ತೊಂಬತ್ತು ವರ್ಷ ಕಾಲೇಜಿನ ದಾಖಲೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಅಷ್ಟು ವರ್ಷವೂ ವಿದ್ಯಾರ್ಥಿಗಳು ಅವಳ ಕಿಟಕಿಯ ಮುಂದೆ ಸಾಲಾಗಿ ನಿಂತು, ಕೊನೆಯ ದಿನ ಕಳೆದುಹೋಗಿದೆ ಎಂಬ ಮಾತನ್ನು ಅವಳಿಂದ ಕೇಳಿಸಿಕೊಂಡು ಹೋದರು. ವಾಲ್ಟರ್ ತೀರಿಕೊಂಡ ಮರುವರ್ಷ ನಿವೃತ್ತಳಾದಳು. ಮನೆ ದೊಡ್ಡದು, ಒಬ್ಬಳೇ. ಮಹಡಿಯ ಎರಡು ಕೋಣೆಗಳನ್ನು ವಿದ್ಯಾರ್ಥಿನಿಯರಿಗೆ ಬಾಡಿಗೆಗೆ ಕೊಟ್ಟಳು. ಹೀಗೆ, ಕಿಟಕಿ ಬಿಟ್ಟು ಬಂದರೂ ಸಾಲು ಅವಳನ್ನು ಬಿಡಲಿಲ್ಲ.

ಪ್ರತಿ ಆಗಸ್ಟ್‌ನಲ್ಲಿ, ಊರಿನ ಸುತ್ತ ಮೆಕ್ಕೆಜೋಳ ಆಳೆತ್ತರ ಬೆಳೆದಿರುವಾಗ, ತಂದೆ ತಾಯಿಯರು ವ್ಯಾನುಗಳಲ್ಲಿ ಹಾಸಿಗೆ, ದೀಪ, ಮಕ್ಕಳು ಎಲ್ಲವನ್ನೂ ತುಂಬಿಕೊಂಡು ಬಂದು ಇಳಿಸಿ ಹೋಗುತ್ತಿದ್ದರು. ವ್ಯಾನು ತಿರುವು ದಾಟಿ ಮರೆಯಾದ ಮೇಲೆ ಆರ್ಡಿಸ್ ಹೊಸ ಹುಡುಗಿಯರನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಳು.

“ಕೇಳಿಸ್ಕೊಳ್ಳಿ, ಎರಡನೇ ಸಲ ಹೇಳಲ್ಲ. ತಿಂಗಳ ಮೊದಲನೇ ಬುಧವಾರ ಬೆಳಿಗ್ಗೆ ಸೈರನ್ ಕೂಗುತ್ತೆ, ಅದು ಪರೀಕ್ಷೆಗೆ, ಕಿರುಚಬೇಡಿ. ಬೇರೆ ಯಾವತ್ತಾದ್ರೂ ಕೂಗಿದ್ರೆ ಸುಂಟರಗಾಳಿ. ಇದ್ದ ಹಾಗೇ ನೆಲಮಾಳಿಗೆಗೆ ಇಳೀರಿ, ತಲೆ ಬಾಚ್ಕೊಂಡು ಬರ್ತೀನಿ ಅನ್ಬೇಡಿ. ದಾರೀಲಿ ಗುರುತಿಲ್ದೋರು ಮಾತಾಡಿಸ್ತಾರೆ, ಅವರಿಗೆ ನಿಮ್ಮಿಂದ ಏನೂ ಬೇಕಾಗಿಲ್ಲ. ಒಂದು ಮಾತು ತಿರುಗಿ ಹೇಳಿ, ಮುಂದೆ ಹೋಗಿ. ಫುಟ್‌ಬಾಲ್ ಇರೋ ಶನಿವಾರ ಊರೆಲ್ಲ ಜನ, ಅಂಗಡಿಗೆ ಹೋಗೋ ಯೋಚನೆ ಬಿಡಿ. ಗೂಡ್ಸ್ ರೈಲು ಅಡ್ಡ ನಿಂತಿತ್ತು ಅಂತ ಪ್ರೊಫೆಸರಿಗೆ ಹೇಳಿದ್ರೆ ನಂಬ್ತಾರೆ, ವರ್ಷಕ್ಕೆ ಎರಡು ಸಲ. ಮೂರನೇ ಸಲ ನನಗೇ ಫೋನ್ ಮಾಡಿ ಕೇಳ್ತಾರೆ, ನಾನು ನಿಜ ಹೇಳ್ತೀನಿ. ಜನವರೀಲಿ ಒದ್ದೆ ತಲೆ ಹೊರಗೆ ಒಯ್ದರೆ ಕೂದಲು ಲಟಲಟ ಮುರಿಯುತ್ತೆ. ಮನೆ ನೆನಪಾಗಿ ಅಳು ಬಂದ್ರೆ ಅಕ್ಟೋಬರ್‌ವರೆಗೆ ಅಳಿ, ಎಲ್ಲಾರೂ ಅಳ್ತಾರೆ. ಅದಾದ ಮೇಲೂ ಅಳ್ತಿದ್ರೆ ಮನೆಗೆ ಹೋಗಿ.”

ಇಷ್ಟು ಹೇಳಿ ಒಳಗೆ ಹೋಗಿ, ಕೋಳಿಮಾಂಸ, ನೂಡಲ್ಸ್, ಬಟಾಣಿ ಹಾಕಿ ಓವನ್‌ನಲ್ಲಿ ಬೇಯಿಸಿದ ಒಂದು ಅಗಲವಾದ ಗಾಜಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಕೈಗೆ ಕೊಡುತ್ತಿದ್ದಳು. ಹಾಲಿನಂಥ ಬಿಳಿಯ ಪಾತ್ರೆ, ಅಂಚಿಗೆ ನೀಲಿ ಹೂವು. ತಳದಲ್ಲಿ ಉಗುರಿನ ಕೆಂಪು ಬಣ್ಣದಿಂದ ಬರೆದ ಅವಳ ಹೆಸರು. ಹುಡುಗಿಯರಿಗೆ ಇದು ಪ್ರೀತಿಯಂತೆ ಕಾಣುತ್ತಿತ್ತು. ಪ್ರೀತಿಯೇನೂ ಅಲ್ಲ. ಹೊಸಬರು ಬಂದರೆ ಊಟ ಕೊಡಬೇಕು ಎಂದು ಅವಳ ಅತ್ತೆ ಮಾಡುತ್ತಿದ್ದಳು, ಇವಳೂ ಮಾಡಿದಳು. ಒಂದು ವಾರದೊಳಗೆ ಪಾತ್ರೆ ಕೆಳಗೆ ಬರಬೇಕು, ಅಷ್ಟೆ. ಬರುತ್ತಿತ್ತು ಕೂಡ. ಶಿಕಾಗೋದ ಹುಡುಗಿಯರು, ಒಮಾಹಾದವರು, ಒಬ್ಬಳು ತೈವಾನಿನವಳು, ಎಲ್ಲರೂ ತೊಳೆದೋ ಅರ್ಧ ತೊಳೆದೋ ತಂದು ಕೊಟ್ಟು, “ತುಂಬಾ ಚೆನ್ನಾಗಿತ್ತು” ಎಂದು ಹೇಳಿ ಹೋಗುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೊಂದರ ಆಗಸ್ಟ್‌ನಲ್ಲಿ ಬಂದ ಟ್ರೀನಾ ಹೋಕ್ಸ್ಟ್ರಾ ಮಾತ್ರ ತಂದು ಕೊಡಲಿಲ್ಲ.

ಟ್ರೀನಾ ಪಶ್ಚಿಮಕ್ಕೆ ಮೂರು ಗಂಟೆ ದಾರಿಯ ಸ್ಟೀನ್‌ವಿಕ್ ಎಂಬ ಚಿಕ್ಕ ಊರಿನವಳು. ಹತ್ತೊಂಬತ್ತು ವರ್ಷ. ದೊಡ್ಡ ಕೈ, ಮೆಲುದನಿ. ಅಪ್ಪನಿಗೆ ಹಂದಿ ಸಾಕಣೆ. ಪಶುವೈದ್ಯಳಾಗಬೇಕೆಂದು ಬಂದಿದ್ದಳು. ಪಕ್ಕದ ಕೋಣೆಯಲ್ಲಿ ರೆನೇ ಎಂಬ ಇನ್ನೊಬ್ಬ ಹುಡುಗಿ ಇದ್ದಳು. ಅವಳು ಸದಾ ರೇಡಿಯೋ ಹಾಕಿಕೊಂಡಿರುವವಳು. ಟ್ರೀನಾಳ ಕೋಣೆಯಿಂದ ಸದ್ದೇ ಬರುತ್ತಿರಲಿಲ್ಲ. ಮೆಟ್ಟಿಲನ್ನು ಗೋಡೆಯ ಕಡೆಯಿಂದ ಹತ್ತುತ್ತಿದ್ದಳು, ಅಲ್ಲಿ ಹಲಗೆ ಕಿರುಗುಟ್ಟುವುದಿಲ್ಲ. ಇದನ್ನು ಕಂಡುಕೊಳ್ಳಲು ಬೇರೆ ಹುಡುಗಿಯರಿಗೆ ಒಂದು ವರ್ಷ ಬೇಕಾಗುತ್ತಿತ್ತು. ಇವಳಿಗೆ ಎರಡು ದಿನ ಸಾಕಾಯಿತು. ಆರ್ಡಿಸ್ ಅದನ್ನು ಗಮನಿಸಿದಳು, ಮೆಚ್ಚಿದಳು. ಹೇಳಲಿಲ್ಲ.

ಸೆಪ್ಟೆಂಬರ್ ಕಳೆಯಿತು. ಪಾತ್ರೆ ಬರಲಿಲ್ಲ.

“ಬಂತಾ?” ಎಂದು ಬೇಲಿಯ ಆಚೆಯಿಂದ ಡೆಲ್ಮಾ ಕೇಳುತ್ತಿದ್ದಳು. ಡೆಲ್ಮಾ ಪಕ್ಕದ ಮನೆಯ ವಿಧವೆ, ಆರ್ಡಿಸ್‌ಗಿಂತ ನಾಲ್ಕು ವರ್ಷ ಚಿಕ್ಕವಳು. ಊರಿನಲ್ಲಿ ಆರ್ಡಿಸ್‌ಳನ್ನು ರೇಗಿಸುವ ಧೈರ್ಯವಿದ್ದವಳು ಇವಳೊಬ್ಬಳೇ.

“ಇಲ್ಲ.”

“ಬಿಡು ಮಾರಾಯ್ತಿ, ಮದುವೆಗೆ ಉಡುಗೊರೆ ಅಂತ ಇಟ್ಕೊಂಡಿರ್ತಾಳೆ.”

“ಹೆಸರು ಬರೆದಿದೆ ಅದರ ಮೇಲೆ.”

“ಯಾರದು, ವರನದಾ?”

“ನಿನಗೆ ಎಲ್ಲಾನೂ ತಮಾಷೆ. ನೋಡೋಕೆ ಎಷ್ಟು ಸಾಧು. ಮನೇಲಿ ಹೇಳಿಕೊಟ್ಟಿಲ್ಲ, ಅಷ್ಟೇ.”

“ಹೋಗಿ ಕೇಳು ಹಾಗಾದ್ರೆ.”

“ನಾನ್ಯಾಕೆ ಕೇಳಲಿ? ಇಸ್ಕೊಂಡೋಳು ಅವಳು.”

ಕೇಳುವ ಸಂದರ್ಭಗಳು ಬಾರದೆ ಇರಲಿಲ್ಲ. ಅಕ್ಟೋಬರಿನ ಒಂದು ಸಂಜೆ ಮೆಟ್ಟಿಲ ಬುಡದಲ್ಲಿ ಇಬ್ಬರೂ ಎದುರಾದರು.

“ಚಳಿ ಶುರುವಾಯ್ತು, ಮಿಸೆಸ್ ಕ್ಲಾಸೆನ್” ಎಂದಳು ಟ್ರೀನಾ.

“ಇದನ್ನ ಚಳಿ ಅಂದ್ರೆ ಫೆಬ್ರವರೀನ ಏನಂತೀಯ?”

“ಅದೂ ಸರಿ.”

ಹುಡುಗಿ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಕಿವಿ ಕೆಂಪಗಾಗಿತ್ತು. “ನಿಮ್ಮ ಪಾತ್ರೆ...” ಎಂದಳು.

“ಹೂಂ?”

“ನನ್ನ ಹತ್ರಾನೇ ಇದೆ. ಮರೆತಿಲ್ಲ.”

“ಮರೆತಿದೀಯ ಅಂತ ನಾನು ಅಂದ್ನಾ?” ಎಂದಳು ಆರ್ಡಿಸ್.

ಟ್ರೀನಾ ತಲೆಯಾಡಿಸಿ, ಗೋಡೆಯ ಕಡೆಯಿಂದ ಸದ್ದಿಲ್ಲದೆ ಹತ್ತಿ ಹೋದಳು. ಮಾತು ಅಲ್ಲಿಗೆ ಮುಗಿಯಿತು. ಇನ್ನೂ ಒಂದು ವಾಕ್ಯ ಆಡಿದ್ದರೆ ಸಾಕಿತ್ತು. ಯಾರು ಆಡಬೇಕಿತ್ತು ಎಂದು ಕೇಳಿದರೆ ಆರ್ಡಿಸ್‌ಳ ಉತ್ತರ ಏನಿರುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಊರು ಖಾಲಿಯಾಗುತ್ತದೆ. ರಜೆ ಮುಗಿಯುವ ಭಾನುವಾರ ಸಂಜೆ, ಕ್ರಿಸ್‌ಮಸ್ ಕಾಲದ ಮೊದಲ ಊಟ ಆರ್ಡಿಸ್‌ಳ ಚರ್ಚಿನಲ್ಲಿ. ಆ ಊಟಕ್ಕೆ ಅವಳು ಹಾಲು, ಮೊಟ್ಟೆ, ಬಿಸ್ಕತ್ತಿನ ಪುಡಿ ಹಾಕಿ ಬೇಯಿಸಿದ ಜೋಳವನ್ನು ಒಯ್ಯುತ್ತಿದ್ದಳು. ಮೂವತ್ತೆಂಟು ವರ್ಷದಿಂದ ಅದೇ ಜೋಳ, ಅದೇ ನೀಲಿ ಹೂವಿನ ಪಾತ್ರೆಯಲ್ಲಿ. ಬೇರೆ ಪಾತ್ರೆ ಇರಲಿಲ್ಲವೆಂದಲ್ಲ. ಕಪಾಟಿನಲ್ಲಿ ಆರಿದ್ದವು. ಮೇಜಿನ ಮೇಲೆ ಆ ಪಾತ್ರೆಯನ್ನು ಕಂಡರೆ ಇದು ಆರ್ಡಿಸ್‌ಳ ಜೋಳ ಎಂದು ಜನ ಹೇಳುತ್ತಿದ್ದರು. ಅವಳ ಬಗ್ಗೆ ಜನ ಹೇಳುತ್ತಿದ್ದ ಒಳ್ಳೆಯ ಮಾತು ಅದೊಂದೇ ಆಗಿದ್ದರಿಂದ ಅವಳಿಗೆ ಅದು ಬೇಕಾಗಿತ್ತು.

ರಜೆಯ ಮೊದಲಿನ ಮಂಗಳವಾರ ಅವಳು ಒಂದು ಚೀಟಿ ಬರೆದು, ಹುಡುಗಿ ತರಗತಿಯಲ್ಲಿದ್ದಾಗ ಮಹಡಿ ಹತ್ತಿ ಅವಳ ಬಾಗಿಲಿಗೆ ಅಂಟಿಸಿ ಬಂದಳು. ಎದುರಿಗೆ ಕೇಳುವುದಕ್ಕಿಂತ ಬರೆಯುವುದು ಅವಳಿಗೆ ಸುಲಭ, ಕಚೇರಿಯಲ್ಲಿ ಅಭ್ಯಾಸವಾಗಿತ್ತು. ಬುಧವಾರ ಬೆಳಿಗ್ಗೆ ಟ್ರೀನಾಳ ಹಳೆಯ ಕಂದು ಕಾರು ಹೊರಟುಹೋಯಿತು.

ಭಾನುವಾರ ಮಧ್ಯಾಹ್ನ ಮಳೆ ಶುರುವಾಯಿತು. ಬೀಳುವಾಗ ನೀರು, ನೆಲ ಮುಟ್ಟಿದರೆ ಗಾಜು. ಅಂಥ ಮಳೆಯಲ್ಲಿ ಮರದ ಕೊಂಬೆಗಳು ತಮ್ಮ ಭಾರಕ್ಕೆ ತಾವೇ ಮುರಿಯುತ್ತವೆ. ಐದು ಗಂಟೆಯವರೆಗೆ ಆರ್ಡಿಸ್ ಅಡುಗೆಮನೆಯ ಕಿಟಕಿಯಲ್ಲಿ ಕಾದಳು. ಕಂದು ಕಾರು ಬರಲಿಲ್ಲ. ಜೋಳವನ್ನು ಒಂದು ಅಲ್ಯೂಮಿನಿಯಂ ತಟ್ಟೆಗೆ ಸುರಿದುಕೊಂಡು, ಡೆಲ್ಮಾಳ ತೋಳು ಹಿಡಿದು, ಎರಡು ಬೀದಿಯಾಚೆಯ ಚರ್ಚಿಗೆ ಹೆಜ್ಜೆ ಹೆಜ್ಜೆಯಾಗಿ ನಡೆದಳು.

“ಇದೇನು ಆರ್ಡಿಸ್, ಇವತ್ತು ಜೋಳಕ್ಕೆ ಬಟ್ಟೇನೇ ಇಲ್ಲ?” ಎಂದು ಮೇಜಿನ ಬಳಿ ಯಾರೋ ನಕ್ಕರು.

“ಬಟ್ಟೆ ಮಹಡಿ ಮೇಲಿದೆ” ಎಂದಳು ಆರ್ಡಿಸ್. “ಮೂರು ತಿಂಗಳಾಯ್ತು. ನಾನೂ ಎಷ್ಟೋ ಹುಡುಗೀರನ್ನ ನೋಡಿದೀನಿ. ಇಷ್ಟು ಸಂಸ್ಕಾರ ಇಲ್ಲದೋಳನ್ನ ನೋಡಿಲ್ಲ. ಹಳ್ಳಿಯವಳು ಬೇರೆ. ಅವರಮ್ಮ ಏನು ಕಲಿಸಿದಾಳೋ.”

ಎಲ್ಲರೂ ಬಡಿಸಿಕೊಂಡರು, ತಿಂದರು. ಅವಳು ಆ ಮಾತನ್ನು ಮೂರು ಮೇಜುಗಳಲ್ಲಿ ಹೇಳಿದಳು. ಆ ಹೊತ್ತಿಗೆ ಟ್ರೀನಾ ಸತ್ತು ಒಂದೂವರೆ ಗಂಟೆಯಾಗಿತ್ತು.

ಸೋಮವಾರ ಬೆಳಿಗ್ಗೆ ರೆನೇ ಅಡುಗೆಮನೆಯ ಬಾಗಿಲಿಗೆ ಬಂದಳು. ರೇಡಿಯೋ ಹಾಕಿರಲಿಲ್ಲ.

“ಮಿಸೆಸ್ ಕ್ಲಾಸೆನ್, ಟ್ರೀನಾ ಅಣ್ಣ ಫೋನ್ ಮಾಡಿದ್ದ. ನಿನ್ನೆ... ಸೇತುವೆ ಮೇಲೆ ಕಾರು ಜಾರಿ...” ಮುಂದೆ ಹೇಳಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಆಸ್ಪತ್ರೇಲಿದಾಳಾ?”

“ಇಲ್ಲ.”

ಆರ್ಡಿಸ್ ಅವಳನ್ನು ಕೂರಿಸಿ ಕಾಫಿ ಕೊಟ್ಟಳು. ಅವಳ ಬಾಯಿಗೆ ಮೊದಲು ಬಂದದ್ದು ಪಾತ್ರೆಯ ಮಾತು. ಅದನ್ನು ನುಂಗಿಕೊಂಡಳು. ರೆನೇ ಅತ್ತು ಮುಗಿಸಿ ಸ್ನೇಹಿತರ ಮನೆಗೆ ಹೋದ ಮೇಲೆ ಮಹಡಿ ಹತ್ತಿದಳು. ಬಾಗಿಲ ಮೇಲೆ ಚೀಟಿ ಇರಲಿಲ್ಲ. ಒಳಗೆ ಹಾಸಿಗೆ ಸರಿಯಾಗಿ ಮಡಿಸಿತ್ತು. ಕಿಟಕಿಯ ಬಳಿ ಪುಸ್ತಕಗಳು, ಒಂದು ವಿದ್ಯುತ್ ಒಲೆ, ಅದರ ಮೇಲೆ ಒಬ್ಬರಿಗೆ ಸಾಲುವಷ್ಟು ಚಿಕ್ಕ ಬಾಣಲೆ. ಚೀಟಿ ಕನ್ನಡಿಯ ಮೂಲೆಗೆ ಸಿಕ್ಕಿಸಿತ್ತು. ಹುಡುಗಿ ತಲೆ ಬಾಚಿಕೊಳ್ಳುವಾಗ ಕಣ್ಣಿಗೆ ಬೀಳಲಿ ಎಂದು ಅಲ್ಲಿಟ್ಟುಕೊಂಡಿರಬೇಕು.

ಆರ್ಡಿಸ್ ಅದನ್ನು ತೆಗೆದು ನಾಲ್ಕಾಗಿ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಮಂಗಳವಾರ ಅಣ್ಣ ಬಂದು ಸಾಮಾನು ಒಯ್ದ. ಅವನಿಗೆ ಚೀಟಿ ಸಿಗಲಿಲ್ಲ. ಅದು ಸಿಗಬಾರದು ಎಂಬುದಕ್ಕಲ್ಲದೆ ಬೇರೆ ಯಾವುದಕ್ಕೂ ಅವಳು ಅದನ್ನು ತೆಗೆದಿರಲಿಲ್ಲ. ಹರಿದು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ, ಕೈಚೀಲದಲ್ಲಿಟ್ಟುಕೊಂಡಳು. ಯಾಕೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಶುಕ್ರವಾರ ಸ್ಟೀನ್‌ವಿಕ್‌ನಲ್ಲಿ ಶವಸಂಸ್ಕಾರ. ಡೆಲ್ಮಾ ಕಾರು ಓಡಿಸಿದಳು. ಎರಡೂ ಕಡೆ ಕೊಯ್ದ ಜೋಳದ ಹೊಲ, ಕೂಳೆಯ ನಡುವೆ ಮಂಜಿನ ಗೆರೆ.

“ನಿನ್ನ ಬಾಡಿಗೆಯವರ ಸಾವಿಗೆ ನೀನು ಇಷ್ಟು ದೂರ ಹೋಗ್ತೀಯ ಅಂತ ನಾನಂದ್ಕೊಂಡಿರಲಿಲ್ಲ” ಎಂದಳು ಡೆಲ್ಮಾ.

“ಹೋಗಬೇಕಾದ್ದು ಮರ್ಯಾದೆ.”

“ಪಾತ್ರೆ ಕೇಳೋಕೆ ಅಲ್ಲ ತಾನೆ?”

“ಡೆಲ್ಮಾ!”

“ಆಯ್ತು ಕಣೇ, ತಪ್ಪಾಯ್ತು.” ಡೆಲ್ಮಾಳಿಗೆ ಆ ಮಾತು ಬಲು ಸುಲಭ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: “ಆ ಮಳೇಲಿ ಯಾಕೆ ಹೊರಟ್ಳೋ. ಸೋಮವಾರ ಬಂದಿದ್ರೆ ಆಗ್ತಿರಲಿಲ್ವಾ?”

“ಈಗಿನ ಮಕ್ಕಳು ರೇಡಿಯೋ ಹವಾಮಾನ ಕೇಳೋದಿಲ್ಲ” ಎಂದಳು ಆರ್ಡಿಸ್. ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಿದ್ದಳು.

ಪ್ರಾರ್ಥನೆಯಾಯಿತು, ಮಣ್ಣಾಯಿತು. ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಇಳಿದರು. ಹ್ಯಾಮ್ ಇಟ್ಟ ಬನ್, ಚೀಸ್ ಹಾಕಿದ ಆಲೂಗಡ್ಡೆ, ನಡುಗುವ ಹಸಿರು ಜೆಲ್ಲಿ, ದೊಡ್ಡ ಕೊಳಗದಲ್ಲಿ ಕಾಫಿ. ತಾಯಿ ಕೊರೀನ್ ಹೋಕ್ಸ್ಟ್ರಾ ಜನರ ಸಾಲಿನ ಮುಂದೆ ಕೂತಿರಲಿಲ್ಲ. ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಪಾತ್ರೆ ಒರೆಸುತ್ತಿದ್ದಳು. “ಕೂತ್ಕೋ ಕೊರೀನ್, ನಿನಗೇನು ಹುಚ್ಚೇ” ಎಂದು ಇತರ ಹೆಂಗಸರು ಗದರುತ್ತಿದ್ದರು. ತಂದೆ ಗೆರಿಟ್ ಕೋಟುಗಳನ್ನು ತೂಗುಹಾಕಿದ ಗೋಡೆಯ ಬಳಿ ಒಬ್ಬನೇ ನಿಂತಿದ್ದ. ಗಂಡಸರು ಬಂದು ಅವನ ಕೈ ಕುಲುಕಿ, ಬೆಳೆಯ ಬಗ್ಗೆ ಒಂದು ಮಾತಾಡಿ ಹೋಗುತ್ತಿದ್ದರು. ಅವನು ಅಡುಗೆಮನೆಯ ಕಡೆ ಒಮ್ಮೆಯೂ ನೋಡಲಿಲ್ಲ. ಆರ್ಡಿಸ್‌ಗೆ ಅದು ಕಾಣಿಸಿತು.

ಅವಳು ಅಡುಗೆಮನೆಗೆ ಹೋಗಿ ಹೆಸರು ಹೇಳಿದಳು.

“ಓ, ನೀವೇನಾ!” ಎಂದಳು ಕೊರೀನ್. ಮಗಳ ಹಾಗೆಯೇ ದೊಡ್ಡ ಕೈ. ಒದ್ದೆ ಕೈಯಲ್ಲೇ ಆರ್ಡಿಸ್‌ಳ ಎರಡೂ ಕೈ ಹಿಡಿದಳು. “ಇಷ್ಟು ದೂರ ಬಂದ್ರಿ. ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ಲು. ಸೈರನ್ದು, ಒದ್ದೆ ಕೂದಲಿಂದು. ಅಕ್ಟೋಬರ್‌ವರೆಗೆ ಅಳಬಹುದು ಅಂದ್ರಂತೆ? ಅಷ್ಟರೊಳಗೆ ನಿಲ್ಲಿಸಿಬಿಟ್ಟೆ ಅಮ್ಮ ಅಂತ ಫೋನಲ್ಲಿ ಹೇಳಿದ್ಲು.”

ಆರ್ಡಿಸ್ ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡಳು.

“ನಿಮ್ಮದೊಂದು ಸಾಮಾನಿದೆ.” ಕೊರೀನ್ ಕಪಾಟಿನಿಂದ ನೀಲಿ ಹೂವಿನ ಪಾತ್ರೆಯನ್ನು ತೆಗೆದಳು. ಅದು ಖಾಲಿ ಇರಲಿಲ್ಲ. ಸೇಬು, ಓಟ್ಸ್, ದಾಲ್ಚಿನ್ನಿ ಹಾಕಿ ಬೇಯಿಸಿದ ಸಿಹಿಯ ಮೇಲೆ ಬಟ್ಟೆ ಮುಚ್ಚಿತ್ತು. “ಕಾರಿನ ಹಿಂದೆ ಕಂಬಳೀಲಿ ಸುತ್ತಿ ಇಟ್ಟಿದ್ಲು. ಒಂದು ಚೂರೂ ಮುಕ್ಕಾಗಿಲ್ಲ, ನೋಡಿ. ಅದರಲ್ಲಿದ್ದದ್ದನ್ನ ಚೆಲ್ಲಬೇಕಾಯ್ತು. ಇದು ನಿನ್ನೆ ಮಾಡಿದ್ದು.”

“ಇದೆಲ್ಲ ಯಾಕೆ...”

“ಖಾಲಿ ಕೊಡೋಕಾಗುತ್ತಾ?” ಎಂದಳು ಕೊರೀನ್. “ನಾನು ಅವಳು ಇಷ್ಟೆತ್ತರ ಇದ್ದಾಗಿಂದ ಹೇಳಿಕೊಟ್ಟಿದ್ದು ಅದು. ಯಾರದಾದ್ರೂ ಪಾತ್ರೆ ಮನೆಗೆ ಬಂದ್ರೆ ಖಾಲಿ ಕಳಿಸಬಾರದು ಅಂತ. ಅವಳ ಕೋಣೇಲಿ ಓವನ್ ಇರಲಿಲ್ವಂತೆ. ಅಡುಗೆಮನೆ ಬಳಸ್ಲಾ ಅಂತ ನಿಮ್ಮನ್ನ ಕೇಳೋಕೆ ಸಂಕೋಚ. ಅಂಗಡೀದು ತಂದು ತುಂಬಿದ್ರೆ ಮೋಸ ಅಲ್ವಾ ಅಮ್ಮ ಅಂತಿದ್ಲು. ಮೂರು ತಿಂಗಳು ಇಟ್ಕೊಂಡು ಒದ್ದಾಡಿದಾಳೆ. ಶನಿವಾರ ತಾನೇ ಕೂತು ಸೇಬು ಹೆಚ್ಚಿದ್ಲು. ನನಗೆ ಕೈ ಹಾಕೋಕೆ ಬಿಡಲಿಲ್ಲ.”

ಆರ್ಡಿಸ್ ಪಾತ್ರೆಯ ಅಂಚನ್ನು ನೋಡುತ್ತ ನಿಂತಳು. ಮೂರು ಮೇಜುಗಳಲ್ಲಿ ತಾನು ಆಡಿದ ಮಾತು ಅವಳಿಗೆ ಅಕ್ಷರ ಅಕ್ಷರವಾಗಿ ನೆನಪಿತ್ತು.

ಕೊರೀನ್ ದನಿ ತಗ್ಗಿಸಿದಳು. “ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಭಾನುವಾರ ಬೇಡ, ದಾರಿ ಕೆಟ್ಟಿದೆ ಅಂತ ಅವರಪ್ಪ ಅಷ್ಟು ಹೇಳಿದ್ರು. ಸೋಮವಾರ ಅವಳಿಗೆ ಮಧ್ಯಾಹ್ನದವರೆಗೂ ಕ್ಲಾಸಿರಲಿಲ್ಲ. ಆದ್ರೂ, ಪಾತ್ರೆ ಕೊಡಬೇಕು, ಇವತ್ತೇ ಹೋಗಬೇಕು ಅಂತ ಒಂದೇ ಹಟ. ಯಾಕೆ ಅಂತ ಹೇಳಲಿಲ್ಲ. ಅವತ್ತಿಂದ ಅವರು ನನ್ನ ಹತ್ರ ಮಾತಾಡಿಲ್ಲ. ಒಂದೇ ಒಂದು ಮಾತು ಅಂದ್ರು. ‘ನಿನ್ನ ಪಾತ್ರೆ ಶಾಸ್ತ್ರಕ್ಕೆ ಮಗಳನ್ನ ಕಳ್ಕೊಂಡೆ’ ಅಂತ.” ಅವಳು ಒರೆಸುವ ಬಟ್ಟೆಯನ್ನು ಹಿಂಡಿದಳು, ಅದರಲ್ಲಿ ನೀರಿರಲಿಲ್ಲ. “ನಾನು ಆ ಪಾಠ ಹೇಳದೇ ಇದ್ದಿದ್ರೆ ಅವಳು ಆಗಸ್ಟ್‌ನಲ್ಲೇ ತೊಳೆದು ಕೊಟ್ಟಿರ್ತಿದ್ಲು, ಅಲ್ವಾ? ಖಾಲಿ ಕೊಟ್ಟಿದ್ರೆ ನೀವು ಬೇಜಾರು ಮಾಡ್ಕೋತಿದ್ರಾ?”

ಆರ್ಡಿಸ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಶಿಕಾಗೋದ ಹುಡುಗಿಯರು, ಒಮಾಹಾದವರು, ಎಲ್ಲರೂ ಖಾಲಿಯೇ ಕೊಟ್ಟಿದ್ದರು.

“ಇಲ್ಲ” ಎಂದಳು. “ಎಲ್ಲಾರೂ ಖಾಲೀನೇ ಕೊಡ್ತಾರೆ.”

ಕೊರೀನ್ ನಿಧಾನವಾಗಿ ತಲೆಯಾಡಿಸಿದಳು. “ಹಾಗಾದ್ರೆ ಅವರು ಹೇಳಿದ್ದೇ ಸರಿ” ಎಂದಳು. ಪಾತ್ರೆಯನ್ನು ಆರ್ಡಿಸ್‌ಳ ಕೈಗಿಟ್ಟು, ಬಟ್ಟೆಯ ಅಂಚು ಸರಿಮಾಡಿ, ಸಿಂಕಿನ ಕಡೆಗೆ ತಿರುಗಿದಳು. ಒರೆಸಿಟ್ಟ ತಟ್ಟೆಗಳನ್ನೇ ಮತ್ತೆ ಒರೆಸತೊಡಗಿದಳು.

ಆರ್ಡಿಸ್ ಪಾತ್ರೆ ಹಿಡಿದು ಹೊರಗೆ ಬಂದಳು. ಡೆಲ್ಮಾ ಕಾರಿನ ಹೀಟರ್ ಹಾಕಿಕೊಂಡು ಕೂತಿದ್ದಳು. ಪಾತ್ರೆಯನ್ನು ಕಂಡು ಬಾಯಿ ತೆರೆದವಳು, ಗೆಳತಿಯ ಮುಖ ನೋಡಿ ಮುಚ್ಚಿಕೊಂಡಳು. ಆರ್ಡಿಸ್ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿಟ್ಟು ಮುಂದೆ ಬಂದು ಕೂತಳು. ಅದರಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು.

“ಹೊರಡೋಣವಾ?” ಎಂದಳು ಡೆಲ್ಮಾ.

“ಹೂಂ.”

ಕಾರು ಹಿಂದಕ್ಕೆ ಸರಿದು, ತಿರುಗಿ, ರಸ್ತೆಯ ಅಂಚಿಗೆ ಬಂತು. ಈ ಹೊತ್ತಿನಲ್ಲೂ ಆರ್ಡಿಸ್ ತಕ್ಕ ಕಾರಣಗಳನ್ನು ಹುಡುಕುತ್ತಿದ್ದಳು. ಅವು ಇದ್ದವು ಕೂಡ. ಮಳೆ ತಾನು ತರಿಸಿದ್ದಲ್ಲ. ಅಡುಗೆಮನೆಯ ಬಾಗಿಲು ಎಂದೂ ಮುಚ್ಚಿರಲಿಲ್ಲ, ಹುಡುಗಿ ಕೇಳಬಹುದಿತ್ತು. ಅಪ್ಪ ಕಾರಿನ ಕೀಲಿ ಕಿತ್ತುಕೊಳ್ಳಬಹುದಿತ್ತು. ಇವುಗಳಲ್ಲಿ ಒಂದೂ ಸುಳ್ಳಲ್ಲ. ಎಪ್ಪತ್ತೊಂದು ವರ್ಷ ಅವಳನ್ನು ಕಾಪಾಡಿದ್ದು ಇಂಥ ನಿಜಗಳೇ.

“ನಿಲ್ಲಿಸು” ಎಂದಳು.

“ಏನಾದ್ರೂ ಮರೆತ್ಯಾ?”

ಆರ್ಡಿಸ್ ಇಳಿದು, ಕೈಚೀಲ ಹಿಡಿದು, ಮಂಜಿನ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತ ಮತ್ತೆ ನೆಲಮಾಳಿಗೆಯ ಮೆಟ್ಟಿಲಿಳಿದಳು. ಜನ ಇನ್ನೂ ಕಾಫಿ ಕುಡಿಯುತ್ತಿದ್ದರು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಪಾತ್ರೆಗಳ ಸದ್ದು ಕೇಳುತ್ತಿತ್ತು. ಅವಳು ಅತ್ತ ಹೋಗಲಿಲ್ಲ. ನೇರವಾಗಿ ಕೋಟುಗಳ ಗೋಡೆಯ ಬಳಿ ನಿಂತಿದ್ದ ಗೆರಿಟ್‌ನ ಎದುರಿಗೆ ಹೋಗಿ ನಿಂತಳು.

“ನಾನು ಆರ್ಡಿಸ್ ಕ್ಲಾಸೆನ್. ನಿಮ್ಮ ಮಗಳಿದ್ದ ಮನೆ ನಂದು.”

“ಗೊತ್ತು. ಬಂದಿದ್ದು ಒಳ್ಳೇದಾಯ್ತು” ಎಂದ ಗೆರಿಟ್, ಎಲ್ಲರಿಗೂ ಹೇಳಿದಂತೆಯೇ.

ಅವಳು ಕೈಚೀಲ ತೆರೆದು ಚೀಟಿ ತೆಗೆದು ಕೊಟ್ಟಳು. ಅವನು ಮಡಿಕೆ ಬಿಡಿಸಿ, ಕೈಯನ್ನು ದೂರಕ್ಕೆ ಚಾಚಿ, ಮತ್ತೆ ಹತ್ತಿರಕ್ಕೆ ತಂದು ನೋಡಿದ. ಅವಳ ಅಕ್ಷರ ಸಣ್ಣದು.

“ಕನ್ನಡಕ ಮನೇಲಿದೆ” ಎಂದು ಹಿಂದಕ್ಕೆ ಕೊಟ್ಟ. “ನೀವೇ ಓದಿ. ಏನಿದು?”

ಅವನಿಗೆ ಓದಲಾಗದು. ಚೀಟಿಯಲ್ಲಿ ಏನಿದೆಯೆಂದು ಅವಳನ್ನು ಬಿಟ್ಟು ಬದುಕಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆರ್ಡಿಸ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಚೇರಿಯ ಕಿಟಕಿಯಲ್ಲಿ ಸಾಲಿನ ಕೊನೆಯವನಿಗೂ ಕೇಳಿಸುವಂತೆ ಓದುತ್ತಿದ್ದ ಅದೇ ದನಿಯಲ್ಲಿ ಓದಿದಳು:

“‘ನನ್ನ ಪಾತ್ರೆ ಭಾನುವಾರ ಸಂಜೆ ಐದು ಗಂಟೆಯೊಳಗೆ ಕೆಳಗೆ ಬರಬೇಕು. ಸೋಮವಾರ ತಂದರೆ ಉಪಯೋಗವಿಲ್ಲ. ಇನ್ನೊಮ್ಮೆ ನೆನಪಿಸುವುದಿಲ್ಲ. ಆರ್ಡಿಸ್ ಕ್ಲಾಸೆನ್.’”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಅಲ್ಲಿಗೂ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಉಳಿಯಬಾರದೆಂಬಂತೆ ಅವಳು ಮುಖವನ್ನು ಸ್ವಲ್ಪ ಆ ಕಡೆಗೆ ತಿರುಗಿಸಿ, ಮೊದಲಿನ ಸಾಲಿನಿಂದ ಇನ್ನೊಮ್ಮೆ ಓದತೊಡಗಿದಳು.